ಬೆಳಕವಾಡಿಯಲ್ಲಿ ನಿಂತ ಕಾಲು

ಶಿವರಾತ್ರಿಗೆ ನಾಲ್ಕು ದಿನ ಇರುವಾಗ, ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ ಯಲಿಯೂರಿನಿಂದ ಮದ್ದೂರಿಗೆ ಹೊರಟೆವು. ಟಿಕೆಟ್ ಹತ್ತು ರೂಪಾಯಿ. ಏಳು ಜನರಿದ್ದೆವು. ಮೈಸೂರು ಹೆದ್ದಾರಿಯ ವಾಹನಗಳ ನಡುವೆ ನಡೆಯುವುದು ಬೇಡವೆಂದು ಮದ್ದೂರಿನವರೆಗೆ ರೈಲಿನಲ್ಲೇ ಬಂದು, ಇಡ್ಲಿ ತಿಂದು, ಅಲ್ಲಿಂದ ಬರಿಗಾಲಲ್ಲಿ ಮಹದೇಶ್ವರ ಬೆಟ್ಟದ ದಾರಿ ಹಿಡಿದೆವು. ಹಿಂದಿನ ವರ್ಷ ನನ್ನ ಹೆಂಡತಿಗೆ ಹೊಟ್ಟೆಯ ಆಪರೇಷನ್ ಆದಾಗ, ಅವಳು ಎದ್ದು ಓಡಾಡಿದರೆ ನಡೆದೇ ಬಂದು ಕಾಯಿ ಒಡೆಸುತ್ತೇನೆಂದು ಬೆಟ್ಟದ ಮಾದಪ್ಪನಿಗೆ ಹರಕೆ ಹೊತ್ತಿದ್ದೆ. ಅವಳು ಎದ್ದು ಓಡಾಡಿದಳು.

ಮಳವಳ್ಳಿಗೆ ಸುಮಾರು ಇಪ್ಪತ್ತೈದು ಕಿಲೋಮೀಟರ್. ಮಧ್ಯಾಹ್ನ ಕಬ್ಬು ತುಂಬಿದ ಟ್ರ್ಯಾಕ್ಟರಿಗೆ ದಾರಿ ಬಿಡಲು ರಸ್ತೆಯಿಂದ ಕೆಳಗಿಳಿದೆ. ಬಲಗಾಲು ಹಳ್ಳಕ್ಕೆ ಬಿದ್ದು ಮಡಚಿಕೊಂಡಿತು. ಪಾದದ ಮೇಲೆ ಚಳಕ್ ಎಂದಿತು.

ಪಕ್ಕದಲ್ಲಿದ್ದ ಪುಟ್ಟಸ್ವಾಮಿ ನನ್ನ ಬಾಲ್ಯದ ಗೆಳೆಯ. "ನಡಿಲಾ. ಅರಕೆ ಕಾಲು ಅದು. ನೋವು ಅಂದ್ರೆ ಮಾದಪ್ಪನ ಮೇಲೆ ದೂರು ಏಳ್ದಂಗೆ ಕಣ್ಲಾ," ಎಂದ.

ನಮ್ಮ ಕಡೆ ನಡೆದು ಹೋಗುವವರು ಹೀಗೇ ನಂಬುತ್ತಾರೆ. ಬೊಬ್ಬೆ ಎದ್ದರೂ ಬಾಯಿ ಬಿಡುವುದಿಲ್ಲ. ನಾನೂ ಬಿಡಲಿಲ್ಲ. ಸಂಜೆ ಮಳವಳ್ಳಿಯ ಛತ್ರದಲ್ಲಿ ಅವನು ಹರಳೆಣ್ಣೆ ಬೆಚ್ಚಗೆ ಮಾಡಿ ಪಾದವನ್ನು ಚೆನ್ನಾಗಿ ತಿಕ್ಕಿದ. ಬೆಳಗ್ಗೆ ಎದ್ದಾಗ ಬೆರಳುಗಳ ಸಂದು ಕಾಣದಷ್ಟು ಊದಿತ್ತು.

ಬೆಳಕವಾಡಿಯವರೆಗಿನ ದಾರಿ ಹನ್ನೆರಡು ಕಿಲೋಮೀಟರ್ ಇರಬಹುದು. ಉಳಿದ ಐವರು ಮುಂದೆ ಹೋದರು; ಪುಟ್ಟಸ್ವಾಮಿಯ ಜೊತೆ ಕುಂಟುತ್ತಾ ಬಂದ ನನಗೆ ಐದು ಗಂಟೆ ಹಿಡಿಯಿತು. ಕೊನೆಯ ಎರಡು ಮೈಲಿ ಪಾದ ಮರಗಟ್ಟಿ, ನೋವೇ ಗೊತ್ತಾಗಲಿಲ್ಲ. ಮಾದಪ್ಪ ಕಣ್ಣು ಬಿಟ್ಟ ಎಂದು ಕೈಮುಗಿದೆ.

ಬೆಳಕವಾಡಿಯಲ್ಲಿ ರಸ್ತೆ ಪಕ್ಕ ತೆಂಗಿನ ಗರಿಯ ಚಪ್ಪರ ಹಾಕಿದ್ದರು. ನಡೆದು ಬಂದವರಿಗೆ ಮಜ್ಜಿಗೆ, ಕಾಲಿಗೆ ಎಣ್ಣೆ. ಅರವತ್ತರ ಆಸುಪಾಸಿನ ಹೆಂಗಸೊಬ್ಬರು ನನ್ನ ಪಾದವನ್ನು ಮಡಿಲಿಗೆ ತೆಗೆದುಕೊಂಡರು. ಎಣ್ಣೆ ಮುಟ್ಟುವ ಮೊದಲು ಒಂದೇ ಬೆರಳಿನಿಂದ ಮೂಳೆಯ ಮೇಲೆ ಒತ್ತಿದರು. ಅವರು ನೋಡುತ್ತಿದ್ದುದು ಕಾಲನ್ನಲ್ಲ, ನನ್ನ ಮುಖವನ್ನು. ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

"ನಾನು ಇದ್ಕೆ ಎಣ್ಣೆ ಅಚ್ಚಾಕಿಲ್ಲ. ಸುಸ್ತಾಗಿರೋ ಕಾಲಲ್ಲ ಕಣಣ್ಣ ಇದು, ಮೂಳೆ ಕೆಟ್ಟದೆ. ಆಸ್ಪತ್ರೆಗೆ ಓಗು."

ಹೆಂಡತಿಯ ಆಪರೇಷನ್, ಹರಕೆ, ಎಲ್ಲ ಹೇಳಿದೆ. ಅವರು ಸೀರೆಯ ಅಂಚನ್ನು ಸ್ವಲ್ಪ ಎತ್ತಿ ತಮ್ಮ ಎಡಗಾಲನ್ನು ಮುಂದಿಟ್ಟರು. ಪಾದದ ಗಂಟಿನ ಹತ್ತಿರ ಅದು ಹೊರಕ್ಕೆ ತಿರುಗಿಕೊಂಡಿತ್ತು.

"ನಾನೂ ಅರಕೆ ಅಂತಲೇ ಮೂರು ದಿನ ಇದ್ರ ಮೇಲೆ ನಡ್ದೋಳು. ಇವತ್ತಿಗೂ ಬಿಂದಿಗೆ ಎತ್ತಾಕೆ ಆಗಾಕಿಲ್ಲ."

"ಬಸ್ಸತ್ತಿದ್ರೆ ಅರಕೆ ತೀರ್ತದೇನವ್ವ?" ಎಂದ ಪುಟ್ಟಸ್ವಾಮಿ.

"ಒಟ್ಟೆ ಕುಯ್ಸ್ಕಂಡೋಳು ಇನ್ಮೇಲೆ ಈಯಪ್ಪನ್ನ ಒತ್ಕಂಡು ತಿರುಗ್ಲಾ? ನೀನು ಗಟ್ಟಿ ಇದ್ದೀಯಲ್ಲ, ಅವನ ಕಾಯಿ ಈಸ್ಕೊಂಡು ನಡಿ!"

ಚಪ್ಪರದಲ್ಲಿದ್ದವರು ನಕ್ಕರು. ನನಗೆ ಸಿಟ್ಟು ಬಂತು. ಆ ಹೆಂಗಸಿನ ಮಾತು ಸುಳ್ಳೆಂದು ತೋರಿಸಲು ಎದ್ದು ಬಲಗಾಲಿನ ಮೇಲೆ ಪೂರ್ತಿ ಭಾರ ಹಾಕಿದೆ. ಕಣ್ಣು ಕತ್ತಲೆ ಬಂದು ಚಪ್ಪರದ ಕಂಬ ಹಿಡಿದುಕೊಂಡೆ. ಆಮೇಲೆ ಕುಳಿತೆ. ಪುಟ್ಟಸ್ವಾಮಿ ಕೈಚಾಚಿದ. ಚೀಲದಿಂದ ತೆಂಗಿನಕಾಯಿ ತೆಗೆದು ಕೊಟ್ಟೆ. ಆಕೆ ಹಳೆಯ ಟವೆಲಿನಲ್ಲಿ ಪಾದವನ್ನು ಸಡಿಲವಾಗಿ ಸುತ್ತಿ, ಊರಿನ ಆಟೋ ಕರೆಸಿ, ಕಾಲು ನೀಡಿಕೊಳ್ಳುವಂತೆ ಅಡ್ಡಡ್ಡ ಕೂರಿಸಿದರು.

ಮಳವಳ್ಳಿಯಲ್ಲಿ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದರು. ಪಾದದ ಉದ್ದ ಮೂಳೆಯೊಂದರಲ್ಲಿ ಕೂದಲಿನಂತಹ ಗೆರೆ.

"ಬಿರುಕು ಬಿಟ್ಟಿದೆ, ಜರುಗಿಲ್ಲ. ಜರುಗಿದ್ದರೆ ಕೊಯ್ದು ಕೂಡಿಸಬೇಕಿತ್ತು. ಇದರ ಮೇಲೆ ಇನ್ನೂ ನಡೆಯಬೇಕು ಅಂತಿದ್ರಾ?" ಎಂದರು.

ಬೆಟ್ಟ ಇನ್ನೂ ಮೂರು ದಿನದ ದಾರಿ ಇತ್ತು. ದಾರಿಯಲ್ಲಿ ನೋವು ನಿಂತದ್ದನ್ನು ಹೇಳಿದಾಗ ಅವರು, ಊತ ಹೆಚ್ಚಾಗಿ ಮರಗಟ್ಟಿದ್ದು ಅದು, ವಾಸಿಯಾದದ್ದಲ್ಲ ಎಂದರು. ಆರು ವಾರ ಪಟ್ಟಿ, ನೆಲಕ್ಕೆ ಕಾಲೂರುವಂತಿಲ್ಲ.

ಮಂಡ್ಯದ ಬಸ್ಸಿನಲ್ಲಿ ಕಂಡಕ್ಟರ್ ಇಬ್ಬರನ್ನು ಎಬ್ಬಿಸಿ ನನಗೆ ಇಡೀ ಸೀಟು ಬಿಡಿಸಿಕೊಟ್ಟರು. ಮನೆಯಲ್ಲಿ ಹೆಂಡತಿ ಬೈಯಲಿಲ್ಲ. ಪಟ್ಟಿ ಹಾಕಿದ ಕಾಲಿನ ಕೆಳಗೆ ಎರಡು ದಿಂಬು ಇಟ್ಟಳು.

ಮರುದಿನ ಸಂಜೆ ಹನೂರಿನಿಂದ ಪುಟ್ಟಸ್ವಾಮಿ ಫೋನು ಮಾಡಿದ. ಹಿಂದೆ ಬರುತ್ತಿದ್ದ ತಂಡದಲ್ಲಿ ಒಬ್ಬ ಮುದುಕ ಮಂಡಿ ಊದಿಸಿಕೊಂಡು ಕುಂಟುತ್ತಿದ್ದನಂತೆ.

"ತೋಳು ಇಡ್ಕೊಂಡು ಬಸ್ಸತ್ತಿಸ್ದೆ ಕಣ್ಲಾ. ಊರು ಸೇರೋಗಂಟ ಬೈತನೇ ಇರ್ತಾನೆ ನನ್ನ."

"ಬೈಲಿ ಬುಡ್ಲಾ," ಎಂದೆ.