ಬೀಗರನ್ನು ಲೆಕ್ಕಕ್ಕೆ ಹಿಡಿಯದ ಸರ್ವರ್

ಗ್ಯಾಸ್ ಸಿಲಿಂಡರ್ ಬುಕ್ ಮಾಡುವಾಗ ಮೊಬೈಲ್ ಪರದೆಯ ಮೇಲೆ ಸಣ್ಣ ಚಕ್ರ ತಿರುಗತೊಡಗಿತು ಎನ್ನಿ, ನನ್ನ ಅಂಗೈ ಬೆವರುತ್ತದೆ. ಎಂ.ಎಸ್ಸಿ. ಓದಿದವನು ಇಷ್ಟಕ್ಕೆ ಬೆವರುವುದೇ ಎಂದು ನೀವು ನಗಬಹುದು. ನಗಿರಿ. ನೀವು ಆ ದಿನ ಕಾಗವಾಡದ ಕಡೆಯ ನಮ್ಮ ಹೊಳೆದಂಡೆಯಲ್ಲಿ ಇರಲಿಲ್ಲ.

ಚಿಕ್ಕೋಡಿಯಲ್ಲಿ ಕಂಪ್ಯೂಟರ್ ಕಲಿಸುವ ನನ್ನ ಅಕ್ಕ ಶೈಲಾ, ಹೊಳೆಯ ನೀರಿನ ಮಟ್ಟ ತಿಳಿಸುವ ಒಂದು ಜಾಲತಾಣ ನಡೆಸುತ್ತಾಳೆ. ಮಹಾರಾಷ್ಟ್ರದ ಅಣೆಕಟ್ಟುಗಳಿಂದ ನೀರು ಬಿಟ್ಟಾಗ ನಮ್ಮ ಹಳ್ಳಿಗಳು ಅದನ್ನೇ ನೋಡುತ್ತವೆ. ಆಸುಪಾಸಿನ ಊರುಗಳ ಮೊಬೈಲುಗಳನ್ನು ಅಂದಾಜು ಮಾಡಿ, ಅಷ್ಟಕ್ಕೆ ಸಾಕಾಗುವ ಸಣ್ಣ ಸರ್ವರನ್ನು ಬಾಡಿಗೆಗೆ ಹಿಡಿದಿದ್ದಳು. ಬೀಗರನ್ನು ಮರೆತಿದ್ದಳು. ನಮ್ಮಲ್ಲಿ ಹೆಣ್ಣು ಕೊಡುವಾಗ, ತರುವಾಗ ಗಡಿ ಯಾರು ನೋಡುತ್ತಾರೆ? ಹೊಳೆ ಏರಿತೆಂದರೆ ಮಿರಜ, ಸಾಂಗಲಿಯ ಸೊಸೆಯಂದಿರು, ಅವರ ಅತ್ತೆ ಮಾವಂದಿರು, ಎಲ್ಲರಿಗೂ ತವರಿನ ನೀರಿನದೇ ಚಿಂತೆ. ಅಂದು ಅವರೆಲ್ಲ ಒಟ್ಟಿಗೆ ಪುಟ ತೆರೆದರು; ಸರ್ವರ್ ಕೈಯೆತ್ತಿತು.

ನಮ್ಮ ಮಾರುತಿ ಕಾಕಾ ಆಗಲೇ ಹೊಲದಲ್ಲಿ ಕಟ್ಟಿದ್ದ ಎಮ್ಮೆ ತರಲು ಹೊರಟಿದ್ದ. ನಡುವೆ ಹಳ್ಳ, ಹೊಳೆ ಏರಿದರೆ ನೀರು ಅದರೊಳಗೆ ಹಿಂದಕ್ಕೆ ನುಗ್ಗುತ್ತದೆ.

"ಏನ್ ತೋರಸಾಕತ್ತೈತಿ?" ಎಂದ.

"ಇನ್ನೂ ತಿರಗಾಕತ್ತೈತಿ. ನಿಂದ್ರ ಕಾಕಾ."

"ಮುಂಜಾನಿ ನೋಡೇನಿ, ಕಮ್ಮಿ ಇತ್ತು. ಅದು ತಿರುಗೂದ್ರಾಗ ಎಮ್ಮಿ ಮುದಕಿ ಆಕೈತಿ!"

ಇಳಿದೇಬಿಟ್ಟ. ಹೋಗುವಾಗ ಮೊಣಕಾಲಿಗಿದ್ದ ನೀರು ಮರಳುವಾಗ ಎದೆಗೆ ಬಂದಿತ್ತು. ಕಾಲು ತಪ್ಪಿತು. ಒಂದು ಗಳಿಗೆ ಅವನ ಬಿಳಿ ಟೋಪಿ ಮಾತ್ರ ಕಂಡಿತು. ಎಮ್ಮೆ ಈಜಿತು, ಅದರ ಬಾಲ ಹಿಡಿದು ಬಂದವನನ್ನು ನಾವು ದಂಡೆಗೆ ಎಳೆದುಕೊಂಡೆವು. ಊಟಕ್ಕೆ ಕೂತಾಗ, ಪಾಠ ಮಾಡುವಾಗ, ಆ ಟೋಪಿ ಈಗಲೂ ನನ್ನ ಕಣ್ಣ ಮುಂದೆ ತೇಲಿ ಹೋಗುತ್ತದೆ.

"ಎಲ್ಲಕ್ಕಿಂತ ದೊಡ್ಡ ಸರ್ವರ್ ಹಿಡಿ" ಎಂದು ಅಕ್ಕನಿಗೆ ಗಂಟುಬಿದ್ದೆ.

"ಬ್ಯಾಸಗ್ಯಾಗ ಅದೇನ್ ಮಾಡಬೇಕೋ ತಮ್ಮಾ, ಆಕಳಿಸಬೇಕಾ?"

ಪುಟದ ಚಿತ್ರಗಳನ್ನೆಲ್ಲ ಕಿತ್ತು, ನೀರಿನ ಅಂಕಿ ಮತ್ತು ಅದನ್ನು ಅಳೆದ ಹೊತ್ತು, ಇಷ್ಟನ್ನೇ ಉಳಿಸಿದಳು. ಮಳೆಗಾಲಕ್ಕೆ ಮಾತ್ರ ಹೆಚ್ಚು ಮೆಮೊರಿಯ ಸರ್ವರ್. ಸರಿಯಾದ ಅಳತೆ ಇದೇ ಎಂದು ಈಗ ನಾನು ಅಳುಕಿಲ್ಲದೆ ಹೇಳಬಲ್ಲೆ: ಸರ್ವರನ್ನು ಜನ ಹೆದರಿದ ದಿನಕ್ಕೆ ಅಳೆಯಬೇಕು.

ಮೊನ್ನೆ ಮಳೆಗೆ ಮುಂಚೆ ಪರೀಕ್ಷೆ ಇಟ್ಟಳು. ಬೀಗರಿಗೆಲ್ಲ ಫೋನು. ಕನ್ನಡದವರಿಗೆ "ಎಲ್ಲಾರೂ ಒಮ್ಮಿಗೇ ತೆಗೀರಿ", ಮರಾಠಿಯವರಿಗೆ "ಏಕದಮ್ ಉಘಡಾ ಹಂ!" ನಾನು, ಕಾಕಾ ಹಳ್ಳದ ದಂಡೆಯಲ್ಲಿ ನಿಂತು ಮೊಬೈಲ್ ಒತ್ತಿದೆವು. ಒತ್ತಿದೊಡನೆ ಅಂಕಿ ಬಂತು.

"ಬಂತ್ ನೋಡ!" ಎಂದ ಕಾಕಾ. ಆಮೇಲೆ ನಾನು ಬಿಗಿಯಾಗಿ ಹಿಡಿದಿದ್ದ ತನ್ನ ತೋಳಿನತ್ತ ನೋಡಿಕೊಂಡ. "ಹಳ್ಳದಾಗ ಹನಿ ನೀರಿಲ್ಲ. ಇನ್ನರೆ ನನ್ನ ಕೈ ಬಿಡೋ."

ಬಿಟ್ಟೆ.