ಹನ್ನೊಂದನೆಯ ದಿನ ಬಂದ ಬುತ್ತಿ

ಇಲ್ಲಿ ಜನ ರೊಟ್ಟಿಯನ್ನು ಕಂಕುಳಲ್ಲಿ ಇಟ್ಟುಕೊಂಡು ಬಸ್ಸು ಹತ್ತುತ್ತಾರೆ. ಮೊಳದುದ್ದದ, ದೋಣಿಯಾಕಾರದ ರೊಟ್ಟಿ. ಅರ್ಧಕ್ಕೆ ಮಾತ್ರ ಕಾಗದ ಸುತ್ತಿರುತ್ತದೆ. ಇನ್ನರ್ಧವನ್ನು ನಿಂತಲ್ಲೇ ಮುರಿದು ಮುರಿದು ತಿನ್ನುತ್ತಿರುತ್ತಾರೆ. ಬಾವಿಯಂಥ ಮಣ್ಣಿನ ಒಲೆಯ ಗೋಡೆಗೆ ಹಿಟ್ಟು ಬಡಿದು ಅದನ್ನು ಸುಡುವುದು. ಆ ಒಲೆಗೆ ತೋನೆ ಎಂದು ಹೆಸರು. ಊಟಕ್ಕೆ ಎಡಗೈ ತಾಗಿದರೂ ಬೈಸಿಕೊಳ್ಳುವ ಮನೆಯಲ್ಲಿ ಬೆಳೆದವನು ನಾನು. ಮೊದಲ ದಿನ ಅದನ್ನು ನೋಡಿ ಮುಖ ತಿರುಗಿಸಿಕೊಂಡಿದ್ದೆ. ಹದಿನಾಲ್ಕು ತಿಂಗಳ ಮೇಲೆ ಈಗ ನಾನೂ ಹಾಗೇ ಒಯ್ಯುತ್ತೇನೆ. ಚಳಿಗೆ ಪಕ್ಕೆ ಬೆಚ್ಚಗಿರುತ್ತದೆ.

ದೇಶ ಜಾರ್ಜಿಯಾ. ಕೆಲಸ ಮಾತ್ರ ನಮ್ಮೂರು ಸೇಡಂನದೇ: ಸಿಮೆಂಟ್ ಕಾರ್ಖಾನೆಯಲ್ಲಿ ಕಲ್ಲು ಸುಡುವ ಭಟ್ಟಿ ಕಾಯುವುದು. ಬಟ್ಟೆ ಝಾಡಿಸಿದರೆ ಅಲ್ಲಿ ಬೀಳುತ್ತಿದ್ದ ಬೂದು ಪುಡಿಯೇ ಇಲ್ಲಿಯೂ ಬೀಳುತ್ತದೆ. ಇರುವುದು ನಾಲ್ಕನೆಯ ಮಹಡಿಯ ಒಂದು ಕೋಣೆ. ಲಿಫ್ಟಿನೊಳಗೊಂದು ಡಬ್ಬಿಯಿದೆ, ಅದಕ್ಕೆ ನಾಣ್ಯ ಹಾಕಿದರೇ ಲಿಫ್ಟು ಮೇಲೇರುತ್ತದೆ. ಹೆಂಡತಿ ಫೋನಿನಲ್ಲಿ ಎಲ್ಲಿದ್ದೀರಿ ಎಂದು ಕೇಳಿದರೆ 'ರೂಮಿನ್ಯಾಗ' ಎನ್ನುತ್ತೇನೆ. ಮನೆ ಎಂದರೆ ಸೇಡಂ.

ಇಲ್ಲಿ ನಮ್ಮ ಮಾತು ತಿಳಿಯುವವನು ಒಬ್ಬನೇ, ಶಹಾಬಾದಿನ ಮೌಲಾಲಿ. ನಾನು ಮೌಲಾ ಎಂದು ಕರೆಯುತ್ತೇನೆ. ಅವನ ಹಿರಿಯರು ನೆಲಕ್ಕೆ ಹಾಸುವ ಕಲ್ಲು ಒಡೆದವರು. ಅವನು ಭಟ್ಟಿಯ ಒಳಗೆ ಬೆಂಕಿ ತಡೆಯುವ ಇಟ್ಟಿಗೆ ಕಟ್ಟುತ್ತಾನೆ. ನನಗಿಂತ ಹತ್ತು ವರ್ಷ ಸಣ್ಣವನು.

ಅಕ್ಕ ತೀರಿಕೊಂಡ ಸುದ್ದಿ ಬಂದಾಗ ನಾನು ಅನ್ನಕ್ಕಿಟ್ಟಿದ್ದೆ. ಕುರಕುಂಟಾದಿಂದ ಅಕ್ಕನ ಮಗ ಫೋನು ಮಾಡಿ, "ಮಾಮಾ, ಅವ್ವ ಹೋದಳ್ರಿ. ಸಂಜೀಕ ಮಣ್ಣು ಮಾಡ್ತೀವಿ" ಅಂದ. ಸಂಜೆಯೊಳಗೆ ನಾನು ಮುಟ್ಟುವಂತಿರಲಿಲ್ಲ. ಆಯಿತಪಾ ಎಂದೆ. ಅಷ್ಟರಲ್ಲಿ ಅನ್ನ ಉಕ್ಕಿತು. ಉರಿ ಸಣ್ಣ ಮಾಡಿದೆ. ಬೆಂದ ಮೇಲೆ ಉಂಡೆ, ಪಾತ್ರೆ ತೊಳೆದಿಟ್ಟೆ, ಮರುದಿನ ಡ್ಯೂಟಿಗೆ ಹೋದೆ. ಅವ್ವ ಹೊಲಕ್ಕೆ ಹೋದಾಗ ನನ್ನನ್ನು ಬಗಲಲ್ಲಿ ಎತ್ತಿಕೊಂಡು ತಿರುಗಿದವಳು ಅಕ್ಕ. ಆದರೂ ಅಳು ಬರಲಿಲ್ಲ.

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಓಣಿಯವರು, ಬೀಗರು ಬುತ್ತಿ ಕಟ್ಟಿಕೊಂಡು ಬರುತ್ತಾರೆ. ಒಲ್ಲೆ ಎಂದರೂ ಕೂಡಿಸಿ, ಮೊದಲ ತುತ್ತು ತಮ್ಮ ಕೈಯಿಂದಲೇ ಇಡುತ್ತಾರೆ. ನಾನು ಸುದ್ದಿ ಕೇಳಿಯೂ ಒಲೆ ಆರಿಸಿರಲಿಲ್ಲ. ಮೌಲಾನಿಗೂ ಹೇಳಲಿಲ್ಲ. ಹೇಳಿದರೆ ಅಕ್ಕ ಇಲ್ಲಿಯೂ ಸತ್ತಂತಾಗುತ್ತಿತ್ತು. ಹೇಳದಿದ್ದರೆ ಅದು ಕುರಕುಂಟಾದಲ್ಲಿ ಮಾತ್ರ ಆಗಿತ್ತು.

ಹತ್ತನೆಯ ದಿನ ಭಾನುವಾರ. ಮೌಲಾ ಬಂದವನೇ, "ಅಣ್ಣಾ, ನಿಮ್ಮ ಮಾರಿ ಸುಣ್ಣದ ಗೋಡಿ ಆಗ್ಯಾದ. ಏಳ್ರಿ, ತಿಬಿಲಿಸಿಗಿ ಹೋಗಮು. ಅಲ್ಲಿ ನಮ್ಮ ದೇಶದ ಹೋಟೆಲ್ ಅದ" ಎಂದು ಎಬ್ಬಿಸಿದ. ತಿಬಿಲಿಸಿ ಇಲ್ಲಿಯ ರಾಜಧಾನಿ. ಮಾರ್ಶ್ರುಟ್ಕಾ ಎಂಬ ಸಣ್ಣ ವ್ಯಾನಿನಲ್ಲಿ ಹೋದೆವು. ಸೇಡಂನಿಂದ ಸುಲೇಪೇಟಕ್ಕೆ ಹೋಗುವ ಕ್ರೂಸರ್ ಜೀಪಿನಂತೆಯೇ, ಮಂದಿ ತುಂಬದೆ ಅದೂ ಹೊರಡುವುದಿಲ್ಲ.

ಹೋಟೆಲಿನಲ್ಲಿ ಒಗ್ಗರಣೆಯ ವಾಸನೆಗೆ ಮೌಲಾ ಕಣ್ಣು ಮುಚ್ಚಿದ. ನಾನ್, ಬೇಳೆ, ಆಲೂಗಡ್ಡೆ ಪಲ್ಯ ಬಂದವು.

"ಇದೇನು ಬ್ಯಾಳಿರಿ? ನಮ್ಮ ಕಡಿ ತೊಗರಿ ಇದರ ಮಾರಿ ಸೈತ ನೋಡಂಗಿಲ್ಲ" ಎನ್ನುತ್ತಲೇ ಎರಡು ಸಲ ಹಾಕಿಸಿಕೊಂಡ. ನಾನೂ ಉಂಡೆ. ಉಪ್ಪು, ಖಾರ ಯಾವುದೂ ನಾಲಿಗೆಗೆ ತಿಳಿಯಲಿಲ್ಲ. ಹತ್ತು ದಿನದಿಂದ ಹಾಗೇ ಇತ್ತು. ಅವನು ಗುಲಾಬ್ ಜಾಮೂನು ತರಿಸಿದ. ಎರಡನ್ನೂ ತಿಂದೆ.

ಆಗ ಫೋನು ಬಂತು. ನನ್ನ ಕೈ ಅಂಟಾಗಿತ್ತು, ಮೌಲಾನೇ ಸ್ಪೀಕರ್ ಒತ್ತಿದ. ಅಕ್ಕನ ಮಗ. "ಮಾಮಾ, ನಾಳಿ ಅವ್ವಂದು ಹನ್ನೊಂದನೇ ದಿನದ ಗಣಾರಾಧನೆ. ಹತ್ತಕ್ಕ ಸ್ವಾಮಿಗೋಳು ಬರ್ತಾರ. ವಿಡಿಯೋದಾಗ ಇರ್ತೀರಿಲ್ರಿ?"

"ಇರ್ತೀನಪಾ."

ಮೌಲಾ ಚಮಚ ಕೆಳಗಿಟ್ಟ. "ಯಾರಿಗಿ ಏನಾಗ್ಯಾದ್ರಿ?"

"ಅಕ್ಕ ಹೋದಳು. ಹತ್ತು ದಿನ ಆತು."

ಅವನು ನನ್ನ ಮುಂದಿನ ಪಾಕದ ಬಟ್ಟಲನ್ನು ನೋಡಿದ. "ಅಕ್ಕ ಹೋಗ್ಯಾಳ, ನೀವು ಜಾಮೂನ್ ತಿಂದ್ರಿ?"

"ನೀ ತರಿಸಿದ್ದಿ."

"ನಾ ಏನು ಹೊರಗಿನ ಮಂದೀನಾ, ಅಣ್ಣಾ?"

ಮರಳುವಾಗ ವ್ಯಾನಿನಲ್ಲಿ ಅವನು ನನ್ನ ಬದಿಯ ಸೀಟು ಬಿಟ್ಟು ಡ್ರೈವರನ ಪಕ್ಕ ಕೂತ. ಬೈದಿದ್ದರೆ ಹಗುರಾಗುತ್ತಿತ್ತೋ ಏನೋ, ಆಗ ಅದೂ ತೋಚಲಿಲ್ಲ.

ಮರುದಿನ ಬೆಳಿಗ್ಗೆ ಚಹಾಕ್ಕೆ ನೀರಿಟ್ಟಿದ್ದೆ. ಬಾಗಿಲು ಬಡಿಯಿತು. ಮೌಲಾ ಏದುಸಿರು ಬಿಡುತ್ತ ನಿಂತಿದ್ದ; ಲಿಫ್ಟಿಗೆ ನಾಣ್ಯವಿಲ್ಲದೆ ನಾಲ್ಕು ಮಹಡಿ ಹತ್ತಿ ಬಂದಿದ್ದ. ಎದೆಗೆ ಟವೆಲಿನ ಗಂಟು. ನೇರ ಒಳಗೆ ಬಂದು ಒಲೆ ಆರಿಸಿದ.

"ಚಹಾಕ್ಕ ಇಟ್ಟಿದ್ನೋ."

"ಇವತ್ತ ಒಲಿ ಹಚ್ಚಬ್ಯಾಡ್ರಿ. ಕುಂದ್ರಿ."

ಗಂಟು ಬಿಚ್ಚಿದ. ಜೋಳದ ರೊಟ್ಟಿ! ಊರಿಂದ ತಂದು ಫ್ರಿಜ್ಜಿನಲ್ಲಿ ಜೋಪಾನ ಮಾಡಿದ್ದ ಹಿಟ್ಟು. ಅದರಲ್ಲಿ ನನಗೆ ಒಂದು ಹಿಡಿಯನ್ನೂ ಅವನು ಕೊಟ್ಟಿರಲಿಲ್ಲ. ರೊಟ್ಟಿ ಅಂಚೆಲ್ಲ ಒಡೆದು, ಬೆರಳು ದಪ್ಪ ಆಗಿತ್ತು. ಜೊತೆಗೊಂದು ಡಬ್ಬಿಯಲ್ಲಿ ತೊಗರಿಬೇಳೆ.

"ಇಟ್ಟಿಗಿ ಕಟ್ಟೋ ಕೈ ರಿ, ಹಿಂಗೇ ಆಗ್ತದ" ಎನ್ನುತ್ತ ಒಂದು ಚೂರು ಮುರಿದು, ಬೇಳೆಗೆ ಅದ್ದಿ ನನ್ನ ಬಾಯಿಗಿಟ್ಟ.

ಅಗಿದೆ. "ಮೌಲಾ, ಉಪ್ಪು ಭಾಳ ಆಗ್ಯಾದ."

"ಆಗ್ಲಿ. ಇನ್ನೊಂದು ತುತ್ತು ತಗೋರಿ."

ಹತ್ತು ದಿನದಲ್ಲಿ ನಾಲಿಗೆಗೆ ತಿಳಿದ ಮೊದಲ ರುಚಿ ಅದು. ನಾನು ಅತ್ತೆನೆಂದು ಬರೆದರೆ ಸುಳ್ಳಾಗುತ್ತದೆ. ಮೂಗು ಮಾತ್ರ ಸೋರುತ್ತಿತ್ತು. "ಥಂಡಿ ಭಾಳ ಅದ" ಎಂದ ಮೌಲಾ, ಟವೆಲಿನ ತುದಿ ಕೊಟ್ಟ.

ಎಂಟೂವರೆಗೆ ವಿಡಿಯೋ ಬಂತು, ಅಲ್ಲಿ ಹತ್ತು. ಕುರಕುಂಟಾಕ್ಕೆ ಹೋಗಿದ್ದ ಹೆಂಡತಿ ಫೋನು ಹಿಡಿದಿದ್ದಳು. ಅವಳ ಹಿಂದೆ, ಅಕ್ಕ ದಿನಾ ಒರೆಸುತ್ತಿದ್ದ ಶಹಾಬಾದ್ ಕಲ್ಲಿನ ನೆಲದ ಮೇಲೆ ಜನ ಸಾಲಾಗಿ ಊಟಕ್ಕೆ ಕೂಡುತ್ತಿದ್ದರು.

"ಎಲ್ಲಿದ್ದೀರಿ? ರೂಮಿನ್ಯಾಗ?"

"ಮನ್ಯಾಗ" ಎಂದೆ.

ಅವಳು ಫೋನನ್ನು ಕಣ್ಣಿನ ಹತ್ತಿರ ತಂದಳು. "ಯಾವ ಮನಿ?"

ಬಾಯಲ್ಲಿ ರೊಟ್ಟಿ ಇತ್ತು. ದಪ್ಪ ರೊಟ್ಟಿ, ಅಗಿಯಲು ಹೊತ್ತು ಹಿಡಿಯಿತು.