ಹದಿನಾಲ್ಕು ಬಾಗಿಲ ದೂರ

ಎಷ್ಟೇ ಅಗಲದ ರಸ್ತೆ ಇರಲಿ, ತಂಗೆವ್ವ ಬಲಭುಜ ಮುಂದೆ ಮಾಡಿಕೊಂಡು ಅಡ್ಡಡ್ಡವಾಗಿಯೇ ನಡೆಯುತ್ತಿದ್ದಳು. ಧಾರಾವಿಯ ನಮ್ಮ ಓಣಿ ಅವಳಿಗೆ ಕಲಿಸಿದ ನಡಿಗೆ ಅದು. ಎದುರಿಗೆ ಒಬ್ಬರು ಬಂದರೆ ಇನ್ನೊಬ್ಬರು ಯಾರದಾದರೂ ಹೊಸ್ತಿಲು ಹತ್ತಿ ದಾರಿ ಬಿಡಬೇಕು, ಅಷ್ಟು ಇಕ್ಕಟ್ಟು. ನಳದಿಂದ ನೀರು ತರುವವರು "ತುಂಬಿದ ಕೊಡಾ!" ಎಂದು ಕೂಗಿದರೆ ಸಾಕು, ಓಣಿಗೆ ಓಣಿಯೇ ಬಾಗಿಲುಗಳಿಗೆ ಅಂಟಿಕೊಳ್ಳುತ್ತಿತ್ತು. ಹೊಸ್ತಿಲು ಹತ್ತಿದ ಮೇಲೆ ಸುಮ್ಮನೆ ಇಳಿಯಲಾದೀತೇ? ಒಳಗಿನವರು "ಬಾ ಒಳಗ" ಅನ್ನಬೇಕು, ಹತ್ತಿದವರು "ಒಲ್ಲೆವಾ, ಅವಸರ ಐತಿ" ಅನ್ನಬೇಕು, ಅಂದು ಅರ್ಧ ತಾಸು ಕೂಡಬೇಕು.

ವಿಜಾಪುರದ ಕಡೆಯಿಂದ ಬಂದ ತಂಗೆವ್ವ ದೂರವನ್ನು ಅಳೆಯುತ್ತಿದ್ದುದೂ ಬಾಗಿಲಿನಿಂದಲೇ. ಅವಳ ಮನೆಯಿಂದ ಬೀಬಿಜಾನಳ ಮನೆ ನಾಲ್ಕು ಬಾಗಿಲು, ನಳ ಒಂಬತ್ತು, ನಮ್ಮ ಮನೆ ಹದಿನಾಲ್ಕು. ನಾನು ಶಾಲೆಯಲ್ಲಿ ಕಲಿತದ್ದನ್ನು ಒದರಿದರೆ, "ನಿನ್ನ ಕಿಲೋಮೀಟರ್‌ನಾಗ ಯಾರ್ ಇರ್ತಾರ?" ಎಂದು ಕೇಳಿ ನನ್ನ ಬಾಯಿ ಮುಚ್ಚಿಸುತ್ತಿದ್ದಳು.

ಎಪ್ಪತ್ತನೆಯ ಇಸವಿಯ ಆಸುಪಾಸಿನಲ್ಲಿ ಅವಳ ಮಗ ಬಸುವಿಗೆ ವಿಮಾನ ನಿಲ್ದಾಣದಲ್ಲಿ ಕೆಲಸ ಸಿಕ್ಕಿತು. ತಾಯಿ-ಮಗ ವಿಲೆ ಪಾರ್ಲೆಯ ಒಂದು ಬಿಲ್ಡಿಂಗಿಗೆ ಹೋದರು. ಆರು ತಿಂಗಳಿಗೆ ಬಸು ಮುಖ ಸಣ್ಣದು ಮಾಡಿಕೊಂಡು ಬಂದ. "ಅವ್ವ ಮನಿ ಬಿಟ್ಟು ಹೊರಗ ಬರವಲ್ಲಳು. ನಡೀಲಿಲ್ಲಂದ್ರ ಕಾಲು ಹೋಗ್ತಾವ ಅಂತಾರ ಡಾಕ್ಟರು." ಆಗ ನಾನು ಕಾಲೇಜು ಹುಡುಗಿ. ತಂಗೆವ್ವನ ಹಟಕ್ಕೆ ಸಿಟ್ಟು ಬಂದು, ಆ ಸಿಟ್ಟಿನಲ್ಲೇ ಲೋಕಲ್ ಟ್ರೇನು ಹತ್ತಿದೆ.

ಪಾರ್ಲೆಯ ಆ ರಸ್ತೆ ನಿದ್ದೆಯಲ್ಲಿ ಕಂಡ ಹಾಗಿತ್ತು. ಒಂದು ಬದಿಗೆ ಸಾಲಾಗಿ ಗುಲ್‌ಮೊಹರ್, ನೆಲದ ತುಂಬ ಕೆಂಪು ಹೂ, ಆಗೊಮ್ಮೆ ಈಗೊಮ್ಮೆ ಮರಗಳ ಮೇಲೆ ತೇಲಿ ಹೋಗುವ ವಿಮಾನ. ಮನೆಗಳೆಲ್ಲ ಕಂಪೌಂಡಿನ ಒಳಗೆ ದೂರದಲ್ಲಿ. ನನ್ನ ಒತ್ತಾಯಕ್ಕೆ ಕೆಳಗಿಳಿದು, ಗೋಡೆ ಹಿಡಿದು ನಾಲ್ಕು ಹೆಜ್ಜೆ ಇಟ್ಟ ತಂಗೆವ್ವ ನಿಂತೇಬಿಟ್ಟಳು. "ಇಷ್ಟ ಬಯಲಾಗ ಯಾರಿಗೆ ದಾರಿ ಬಿಡ್ಲಿ, ಕಸ್ತೂರಿ? ಬಾಗಲಾನ ಇಲ್ಲ. ಎಲ್ಲಿ ಮುಟ್ಟೀನಿ ಅಂತ ಹೆಂಗ ತಿಳೀಬೇಕು?"

"ಗಿಡಾ ಎಣಸು, ನಮ್ಮವ್ವಾ!" ಎಂದು ರೇಗಿದೆ.

ರೇಗಿ ಅಂದದ್ದನ್ನು ಅವಳು ನಿಜ ಮಾಡಿಕೊಂಡಳು. ನಾಲ್ಕನೆಯ ಮರ ಬೀಬಿಜಾನ್, ಒಂಬತ್ತನೆಯದು ನಳ, ಹದಿನಾಲ್ಕನೆಯದು ನಮ್ಮ ಮನೆ. ದಿನಾ ಸಂಜೆ ಭುಜ ಮುಂದೆ ಮಾಡಿ ನಮ್ಮ ಮನೆಯವರೆಗೆ ನಡೆದು, ತಿರುಗಿ ಹೋಗುತ್ತಿದ್ದಳಂತೆ. ಬಿಗಿದಿದ್ದ ಕಾಲು ಸಡಿಲವಾದವು. ನನಗೆ ಹಿಗ್ಗೋ ಹಿಗ್ಗು.

ಮಳೆಗಾಲದಲ್ಲಿ ನಾಲ್ಕನೆಯ ಮರ ಬಿತ್ತು. ತಂಗೆವ್ವ ಎಂದಿನಂತೆ ನಿಂತ ಮರಗಳನ್ನು ಎಣಿಸುತ್ತ ಹೋದಳು. ಹದಿನಾಲ್ಕು ಆಗುವಷ್ಟರಲ್ಲಿ ನಾಲ್ಕು ರಸ್ತೆ ಕೂಡುವ ಜಾಗ ದಾಟಿಬಿಟ್ಟಿದ್ದಳು. ತಿರುಗಿ ಬರುವಾಗ ಬೇರೆ ರಸ್ತೆ ಹಿಡಿದಳು. ದೀಪ ಹಚ್ಚುವ ಹೊತ್ತಿನವರೆಗೂ ಕಂಡಕಂಡವರನ್ನು "ಮಲ್ಲವ್ವನ ಮನಿ ಯಾವದ್ರಿ?" ಎಂದು ಕೇಳುತ್ತ ತಿರುಗಿದಳಂತೆ. ಮಲ್ಲವ್ವ ನನ್ನ ತಾಯಿ. ಪಾರ್ಲೆಯಲ್ಲಿ ಯಾರಿಗೆ ಗೊತ್ತು?

ಸುದ್ದಿ ತಿಳಿದು ನಾನು ಹೋದಾಗ, ಅವಳನ್ನು ಹುಡುಕಿ ತಂದ ಬಸು ಕೆಂಡವಾಗಿದ್ದ. "ನಿನ್ನ ಗಿಡದ ಹುಚ್ಚು ಸಾಕು. ಇನ್ನ ಅವ್ವ ಹೊರಗ ಹೋಗಂಗಿಲ್ಲ" ಎಂದ. ಅವನದೇನೂ ತಪ್ಪಿರಲಿಲ್ಲ. ನಾನು ಟ್ರೇನಿನ ತುಂಬ ಅಳುತ್ತ ಬಂದೆ.

ಮುಂದಿನ ರವಿವಾರ ಹೋಗಿ, ಒಂದೇ ಒಂದು ಸಲ ಎಂದು ಅವನನ್ನು ಕಾಡಿ ಬೇಡಿ, ಅವಳನ್ನು ಕೆಳಗಿಳಿಸಿದೆ. ಬಸು ಹಿಂದೆಯೇ ಬಂದ. ಬಿದ್ದ ಮರದ ಕಡಿದ ಬುಡದ ಹತ್ತಿರ ತಂಗೆವ್ವ ಬಹಳ ಹೊತ್ತು ನಿಂತಳು. ಆಮೇಲೆ, "ಬೀಬಿಜಾನ್ ಬಾಗಲಾ ಹಾಕ್ಯಾಳ. ಹಾಕಿದ್ರೇನಾತು, ಮನಿ ಮನೀನ" ಎಂದವಳೇ "ನಾಕು" ಎಂದು ಎಣಿಸಿ ಮುಂದೆ ನಡೆದಳು. ಬಸು ನಕ್ಕುಬಿಟ್ಟ. ಮತ್ತೆ ಅವಳನ್ನು ತಡೆಯಲಿಲ್ಲ.

ಹದಿನಾಲ್ಕಕ್ಕೆ ನಿಂತು, ಮರದ ಮೈ ಮುಟ್ಟಿ ನನ್ನನ್ನು ನೋಡಿದಳು. "ನಿಮ್ಮನಿ ಬಂತು. ಒಳಗ ಬಾ ಅನ್ನಂಗಿಲ್ಲೇನ?"

ಸುತ್ತ ಜನ ಓಡಾಡುತ್ತಿದ್ದರು. ಕಾಲೇಜು ಹುಡುಗಿ ನಾನು, ನಾಚಿಕೆಯಾಯಿತು. "ಸಾಕು ನಡಿ" ಅಂದುಬಿಟ್ಟೆ.

ಅದೇ ಕಡೆಯ ಭೇಟಿ. ಬೇಸಿಗೆಯಲ್ಲಿ ಮೂರು ದಿನದ ಜ್ವರಕ್ಕೆ ತಂಗೆವ್ವ ಹೋದಳು. ಜ್ವರ ಬರುವ ಹಿಂದಿನ ಸಂಜೆಯೂ ನಡೆದು ಬಂದಿದ್ದಳು ಎಂದು ಬಸು ಹೇಳಿದ.

ದಿನಕರ್ಮಗಳು ಮುಗಿದ ಮೇಲೆ ಒಬ್ಬಳೇ ಆ ರಸ್ತೆಗಿಳಿದೆ. ಬುಡವನ್ನೂ ಬಿಡದೆ ಎಣಿಸಿದೆ. ಹದಿನಾಲ್ಕರ ಹತ್ತಿರ ಯಾರೋ ಚೀಲ ಹಿಡಿದು ಬರುತ್ತಿದ್ದರು. ಭುಜ ಓರೆ ಮಾಡಿ ಮರಕ್ಕೆ ಒತ್ತಿ ನಿಂತು ದಾರಿ ಬಿಟ್ಟೆ. ಅವರು ವಿಚಿತ್ರವಾಗಿ ನೋಡಿದರು. ನೋಡಲಿ.

"ಬಾ ಒಳಗ, ತಂಗೆವ್ವ" ಎಂದು ಗಟ್ಟಿಯಾಗಿಯೇ ಅಂದೆ.